ಮಂಚದ ಕೆಳಗಿನ ಕೆಂಡದ ಹೊಗೆಯವರಿಗೆ

ಮಾನ್ಯರೇ,

ಬಾಳೆಹೊನ್ನೂರಿನಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಯ ಮನೆಯವಳಾದ ದಾಕ್ಷಾಯಿಣಿ ಎಂಬ ನಾನು, ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಮಗೆ ಕೈಮುಗಿದು ಈ ಕಾಗದ ಬರೆಯಲು ಕೂತಿದ್ದೇನೆ. ತಾವು ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆಗಳ ಪರಿವಾರ ಸಮೇತ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕಡೆಯ ಕ್ಷೇಮದ ವಿಷಯ ಮುಂದೆ ಬರುತ್ತದೆ.

ತಮ್ಮ ಸೇವೆ ಸಣ್ಣದಲ್ಲ. ಹೆರಿಗೆಗೆಂದು ತವರಿಗೆ ಬಂದ ನನ್ನ ಮಗಳು ಶಿಲ್ಪಶ್ರೀ ಹೆಣ್ಣು ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ, ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆಯ ಕಿಟಕಿಗೆ ಕಂಬಳಿ ಬಡಿದು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟು, ಎರಡು ಹೊತ್ತೂ ತಮ್ಮನ್ನು ಬರಮಾಡಿಕೊಂಡವಳು ನಾನೇ. ಕರೆದ ನೆಂಟರು ಉಂಡು ಹೊರಡುತ್ತಾರೆ, ತಾವು ಹೊರಡಲಿಲ್ಲ. ಅದಕ್ಕೆ ತಮ್ಮನ್ನು ದೂರುವ ಹಾಗೂ ಇಲ್ಲ, ಹೋಗುವುದಕ್ಕೆ ಒಂದು ಬೆರಳು ಸಂದಿಯನ್ನಾದರೂ ನಾನೆಲ್ಲಿ ಬಿಟ್ಟಿದ್ದೆ?

ಇಪ್ಪತ್ತನೆಯ ದಿನ ಕೂಸಿಗೆ ಕೆಮ್ಮು ಹಿಡಿಯಿತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, “ಹೊಗೆ ಸಾಲ್ದು ಮಾರಾಯ್ತಿ, ಶೀತ ಎದೇಲೇ ಕೂತಿದೆ, ಇನ್ನೊಂದು ಮುಷ್ಟಿ ಹಾಕು” ಎಂದರು. ನಾನು ಭಕ್ತಿ ಹೆಚ್ಚಾಗಿ ಎರಡು ಮುಷ್ಟಿ ಹಾಕಿದೆ. ಕೆಮ್ಮು ಏರಿದಷ್ಟೂ ತಮ್ಮನ್ನು ಏರಿಸಿದೆ. ತಾವೇ ಕಾಯಿಲೆ ತಂದು, ತಾವೇ ವೈದ್ಯರಾಗಿ, ಮನೆಯವರ ಕೈಯಿಂದಲೇ ದಿನಕ್ಕೆರಡು ಸಲ ಕರೆಸಿಕೊಳ್ಳುವ ಈ ಜಾಣತನವನ್ನು ಯಾವ ಕಾಲೇಜಿನಲ್ಲಿ ಕಲಿತಿರೋ, ತಿಳಿಸಿದರೆ ಉಪಕಾರ. “ಅಮ್ಮಾ, ಕಣ್ಣು ಉರೀತಿದೆ, ಕಿಟಕಿ ತೆಗಿ” ಎಂದು ಮಗಳು ಗೋಗರೆದಾಗ, “ನಿನ್ನನ್ನೂ ಹೀಗೇ ಸಾಕಿದ್ದು, ಎಂತ ಆಯ್ತು ನಿಂಗೆ?” ಎಂದು ತಮ್ಮ ಪರವಾಗಿ ವಾದ ಮಾಡಿ ಗೆದ್ದವಳೂ ನಾನೇ.

ಮೂವತ್ತೊಂದನೆಯ ದಿನ ಕೂಸು ಹಾಲು ಬಿಟ್ಟಿತು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. “ಮನೇಲಿ ಯಾರು ಬೀಡಿ ಸೇದ್ತಾರೆ?” ಎಂದು ಡಾಕ್ಟರು ಕೇಳಿದರೆ, “ನಮ್ದು ಪೂಜೆ ಮಾಡೋ ಮನೆ ಸಾರ್, ಬೀಡಿ ಹೊಸಿಲು ದಾಟಿಲ್ಲ” ಎಂದು ನಾನು ಬೀಗಿದೆ. ಅವರು ಕೂಸಿನ ದುಪ್ಪಟಿಯನ್ನು ತಮ್ಮ ಮೂಗಿಗೆ ಹಿಡಿದುಕೊಂಡರು, ಆಮೇಲೆ ನನ್ನ ಮೂಗಿಗೆ ಹಿಡಿದರು. ಮಾನ್ಯರೇ, ಆ ದುಪ್ಪಟಿಯಲ್ಲಿ ಕೂಸಿನ ವಾಸನೆ ಒಂಚೂರೂ ಇರಲಿಲ್ಲ, ಪೂರ್ತಿ ತಾವೇ ಇದ್ದಿರಿ.

ನಾಲ್ಕು ದಿನ ಕೂಸು ಆಕ್ಸಿಜನ್ನಿನಲ್ಲಿತ್ತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಪಂಚಾಕ್ಷರಿ ಜಪಿಸುತ್ತ, ಗಾಳಿ ಎಂಬುದನ್ನು ಶಿವ ಪುಕ್ಕಟೆ ಕೊಟ್ಟರೂ ಕಂಬಳಿ ಹೊಡೆದು ಹೊರಗಿಟ್ಟವಳನ್ನು ಏನೆಂದು ಕರೆಯಬೇಕೆಂದು ಯೋಚಿಸಿದೆ. ಜೀವಮಾನವಿಡೀ ಸೌದೆ ಒಲೆ ಊದಿದ ನಮ್ಮತ್ತೆಯವರೂ ನೆನಪಾದರು. ಅವರು ಬರುವುದು ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು. ಅದು ಅವರ ಸ್ವಭಾವವೆಂದೇ ನಾವೆಲ್ಲ ತಿಳಿದಿದ್ದೆವು.

ಕೂಸು ಈಗ ಮನೆಯಲ್ಲಿದೆ, ಹಾಲು ಕುಡಿಯುತ್ತಿದೆ. ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಇನ್ನು ಮುಂದೆ ಒಳಗೆ ಬರುವ ಮೊದಲು, ಕೋಣೆಯಲ್ಲಿರುವವರ ವಯಸ್ಸು ವಿಚಾರಿಸಿಕೊಂಡು ಬರಬೇಕು. ತಿಂಗಳು ತುಂಬಿದ ಕೂಸಿದ್ದರೆ ಹೊಸಿಲಲ್ಲೇ ಕಾದಿದ್ದು, ಅದು ಮದುವೆಯಾಗಿ ಹೋದ ಮೇಲೆ ಬರಬೇಕು. ಹೊರಡುವಾಗ, ಮೂವತ್ತು ವರ್ಷದಿಂದ ಅಡುಗೆಮನೆಯಲ್ಲಿ ನನ್ನ ಎದೆಯೊಳಗೆ ಬಿಟ್ಟಿರುವ ಸಾಮಾನನ್ನೂ ದಯಮಾಡಿ ಕಟ್ಟಿಕೊಂಡು ಹೋಗಬೇಕು. ಇಷ್ಟೂ ಆಗದಿದ್ದರೆ ಚಿಂತೆಯಿಲ್ಲ, ಕಂಬಳಿಯ ಮೊಳೆಗಳನ್ನು ನಾನೇ ಕಿತ್ತಿದ್ದೇನೆ. ಕಿಟಕಿ ತೆರೆದಿದೆ, ತಮಗೆ ದಾರಿ ಕಾಣುತ್ತದೆ.

ಮೂವತ್ತು ದಿನ ಕಣ್ಣುಮುಚ್ಚಿ ನಂಬಿದ್ದ
ತಮ್ಮ ವಿಶ್ವಾಸಿ,
ದಾಕ್ಷಾಯಿಣಿ

ತಾ.ಕ.: ಕಾಗದ ಬರೆಯುತ್ತಿರುವಾಗಲೇ ನಮ್ಮ ಯಜಮಾನರು ದೇವಪ್ಪನವರು ಜಗಲಿಯಿಂದ, “ಕಿಟಕಿ ಹಾಕೇ, ಕೂಸಿಗೆ ಗಾಳಿ ತಾಗ್ತದೆ! ಮಡಕೆಗೆ ಕೆಂಡ ಹಾಕಿದ್ಯಾ?” ಎಂದು ಕೂಗಿದರು. ಹಾಕಿದೆ, ಸಾಂಬ್ರಾಣಿಯನ್ನೂ ಹಾಕಿ, ಅವರ ಕುರ್ಚಿಯ ಕೆಳಗೇ ಇಟ್ಟು ಬಂದೆ. ಎರಡು ನಿಮಿಷದೊಳಗೆ ಕೆಮ್ಮುತ್ತ ಅಂಗಳಕ್ಕೆ ಎದ್ದು ಹೋದರು. ಅವರಿಗೆ ಕಾಲಿತ್ತು, ಹೋದರು.