ಗಂಟೆಗೊಮ್ಮೆ ಕರೆಯುವ ದನಿ

ಮೇಜಿನ ಮೇಲೆ ಹಳೆಯ ಕಂಪ್ಯೂಟರು. ಅದರ ಪಕ್ಕದಲ್ಲಿ, ಮಡಿಸಿದ ಕರವಸ್ತ್ರದ ಮೇಲೆ, ಜ್ವರ ಬಿಟ್ಟ ಮಗುವಿನಂತೆ ಮಲಗಿದ್ದ ಮೊಬೈಲು. ತಣ್ಣಗಾದ ಚಹಾದ ಮೇಲೆ ತೆಳ್ಳನೆಯ ಕೆನೆ. ಹನ್ನೊಂದರ ಬಿಸಿಲು ಮೇಜಿನ ಅರ್ಧದವರೆಗೆ ಬಂದು, ಮುಂದೆ ಬರಲೋ ಬೇಡವೋ ಎಂಬಂತೆ ಅಲ್ಲೇ ನಿಂತಿತ್ತು. ಕುರ್ಚಿಯಲ್ಲಿದ್ದಾತ ಕನ್ನಡಕವನ್ನು ಹಣೆಗೇರಿಸಿ ಆ ಮೊಬೈಲನ್ನೇ ನೋಡುತ್ತಿದ್ದ.

ಇಪ್ಪತ್ತೆರಡು ವರ್ಷ ವೆಬ್‌ಸೈಟುಗಳನ್ನು ಕಟ್ಟಿ ಪಳಗಿದ ಕೈ ಅವನದು. ಈಗ ನಲವತ್ತೇಳರಲ್ಲಿ ಮೊಬೈಲ್ ಆ್ಯಪ್ ಮಾಡುವುದನ್ನು ಅಆಇಈಯಿಂದ ಕಲಿಯುತ್ತಿದ್ದ. ಈಜು ಬಲ್ಲವನು ಮರ ಹತ್ತಲು ಹೊರಟಂತಿತ್ತು. ಕೈಕಾಲು ಬಡಿಯುತ್ತಿದ್ದ, ಮೇಲೇರುತ್ತಿರಲಿಲ್ಲ. ಅಂತೂ ಮೊದಲ ಆ್ಯಪ್ ಸಿದ್ಧವಾಗಿತ್ತು. ನೀರು ಬರುವ ಹೊತ್ತನ್ನೂ ಲಿಫ್ಟು ಕೆಟ್ಟ ಸುದ್ದಿಯನ್ನೂ ಕಟ್ಟಡದ ಉಳಿದ ಹನ್ನೊಂದು ಮನೆಗಳಿಗೆ ತಿಳಿಸುವಂಥದು.

ಅದರದೇ ಇನ್ನೊಂದು ಪ್ರತಿಯನ್ನು ಹೆಂಡತಿಗೆಂದು ಗುಟ್ಟಾಗಿ ಮಾಡಿದ್ದ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಆಕೆ ಹೋದ ವಾರ ಕೇಳಿದ್ದಳು: "ಊರಿಗೆಲ್ಲ ಏನೇನೋ ಮಾಡಿಕೊಡ್ತೀರಿ. ನನ್ನ ಹತ್ರ ಪ್ರೀತಿಯಿಂದ ಒಂದು ಮಾತಾಡಿ ಎಷ್ಟು ದಿನ ಆಯ್ತು, ಹೇಳಿ ನೋಡೋಣ?" ಎದುರು ನಿಂತರೆ ಅವನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದ್ದರಿಂದ ಕದ ಹಾಕಿಕೊಂಡು, ತನ್ನ ದನಿಯನ್ನೇ ಮುದ್ರಿಸಿ, ಗಂಟೆಗೊಮ್ಮೆ ನುಡಿಯುವಂತೆ ಮಾಡಿದ್ದ: "ಬೇಗ ಬಾರೆ. ನೀನು ಬರೋವರೆಗೂ ಈ ಮನೇಲಿ ಬರೀ ಗೋಡೆಗಳಿರ್ತವೆ."

ಬೆಳಿಗ್ಗೆಯೇ ಅವಳ ಮೊಬೈಲಿಗೆ ಅದನ್ನು ಸೇರಿಸಿಯಾಗಿತ್ತು. ಗ್ರಂಥಾಲಯದಲ್ಲಿ ಮೊಬೈಲು ಮೂಕವಾಗಿರಬೇಕು. ಸಂಜೆ ಹೊರಗೆ ಬಂದು ಸದ್ದು ಹಚ್ಚಿದ ಮೇಲೆ ಅವಳು ಕೇಳಲಿ ಎಂಬುದು ಅವನ ಆಸೆ.

ಹನ್ನೆರಡಕ್ಕೆ ಎದ್ದು, ಮನೆಮನೆಗೂ ಹೋಗಿ ನೆರೆಯವರ ಮೊಬೈಲುಗಳಿಗೂ ಆ್ಯಪ್ ಹಾಕಿ ಬಂದ. ಹೆಂಡತಿಯ ಪ್ರತಿಯನ್ನೇ ಎಲ್ಲರಿಗೂ ಹಂಚಿದ್ದೇನೆಂದು ತಿಳಿದದ್ದು ಒಂದು ಗಂಟೆಗೆ. ಹನ್ನೊಂದು ಮನೆಗಳಿಂದ ಅವನ ದನಿ ಒಟ್ಟಿಗೇ ಹೊರಟು, ಮೆಟ್ಟಿಲುಗಳ ತುಂಬ ಕಾಗೆಗಳ ಸಭೆ ಸೇರಿದಂತಾಯಿತು.

ಕೆಳಮನೆಯ ದರ್ಜಿ ಕೊರಳಲ್ಲಿ ಅಳತೆಪಟ್ಟಿ ಜೋಲಾಡಿಸಿಕೊಂಡೇ ಓಡಿ ಬಂದ.

"ಏನ್ರೀ ಇದು? ನನ್ನ ಹೆಂಡತಿನ ಬೇಗ ಬಾರೆ ಅಂತೀರಲ್ಲ!"

"ಅಯ್ಯೋ, ನಾನು ಕರೆದದ್ದು ನಮ್ಮನೆಯವಳನ್ನ!"

"ನಿಮ್ಮನೆಯವಳನ್ನ ಕರೆಯೋಕೆ ನಮ್ಮ ಅಡುಗೆಮನೇನೇ ಬೇಕಾಗಿತ್ತಾ?"

ಅವನು ಒಳಗೋಡಿ, ಕಂಪ್ಯೂಟರಿನಲ್ಲಿ ಆ ದನಿಯನ್ನು ಅಳಿಸಿ, ಮೆಟ್ಟಿಲ ಬಳಿ ನಿಂತು ಸಾರಿದ: "ಸರಿಯಾಯ್ತು! ಎಲ್ಲರೂ ಒಂದ್ಸಲ ರಿಫ್ರೆಶ್ ಮಾಡಿ!" ವೆಬ್‌ಸೈಟಿನ ಲೋಕದಲ್ಲಿ ಹಾಗೆಯೇ, ಒಂದೆಡೆ ತಿದ್ದಿದರೆ ಜಗತ್ತೆಲ್ಲ ತಿದ್ದಿಕೊಂಡಂತೆ.

ಎರಡು ಗಂಟೆಗೆ ಹನ್ನೊಂದು ಮನೆಗಳೂ ಮತ್ತೆ "ಬೇಗ ಬಾರೆ" ಎಂದವು.

ಅವನು ಪಾಠದ ಪುಸ್ತಕ ತೆರೆದ. ಕೊಟ್ಟ ಆ್ಯಪ್ ಕೊಟ್ಟವನ ಕೈಯಲ್ಲಿ ಇರುವುದಿಲ್ಲ. ತಿದ್ದಿದ ಹೊಸ ಪ್ರತಿಯನ್ನು ಕಳಿಸಬಹುದು, ಒಪ್ಪುವುದು ಬಿಡುವುದು ಮೊಬೈಲಿನ ಒಡೆಯರಿಗೆ ಸೇರಿದ್ದು ಎಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಕಂಪ್ಯೂಟರಿಗೂ ಅನ್ವಯಿಸುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಸರದಲ್ಲಿ, ದನಿಯಿಲ್ಲದ ಹೊಸ ಪ್ರತಿಯನ್ನು ಪಟ್ಟಿಯಲ್ಲಿದ್ದವರಿಗೆಲ್ಲ ಕಳಿಸಿ, ಒಪ್ಪಿಗೆ ಒತ್ತಿಸಲು ಮನೆಮನೆಗೆ ಹೊರಟ.

ದರ್ಜಿಯ ಹೆಂಡತಿ ಬಾಗಿಲಲ್ಲೇ ತಡೆದಳು. "ಇರ್ಲಿ ಬಿಡಿ ಅಣ್ಣಾ. ಅದು ಕೂಗಿದಾಗೆಲ್ಲ ನಮ್ಮನೆಯವರು ಹೊಟ್ಟೆಕಿಚ್ಚಿಗೆ ತಾವೂ ಒಂದ್ಸಲ ಕರೀತಾರೆ. ಮೂವತ್ತು ವರ್ಷದಲ್ಲಿ ಇವತ್ತೇ ಮೊದಲು!"

ಮೇಲಿನ ಮನೆಯಲ್ಲಿ ಒಂಟಿಯಾಗಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಮೊಬೈಲನ್ನು ಎದೆಗೊತ್ತಿಕೊಂಡರು. "ನಲವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿಸಿದವನು ನಾನು. ಈಗ ನನ್ನನ್ನೂ ಬಾ ಅಂತ ಒಂದು ದನಿ ಕರೀತಿದೆ. ಅದನ್ನೂ ವಾಪಸ್ ಕೇಳ್ತೀರಾ?"

"ಸಾರ್, ಅದು 'ಬಾರೆ' ಅಂತಿದೆ."

"ವಿಳಾಸ ತಪ್ಪಿದ್ರೆ ಏನಂತೆ? ಕಾಗದ ಕಾಗದವೇ."

ಸಂಜೆಯವರೆಗೆ ಅಲೆದರೂ ಹನ್ನೊಂದು ಮನೆಗಳಲ್ಲಿ ಒಬ್ಬರೂ ಒಪ್ಪಿಗೆ ಒತ್ತಲಿಲ್ಲ. ಹೋಗಲಿ, ಯಾರಿಗೆ ಮುಟ್ಟಬೇಕೋ ಅವಳಿಗೂ ಮುಟ್ಟಿರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆ ಸೇರಿದ.

ಆರಕ್ಕೆ ಹತ್ತು ನಿಮಿಷವಿದ್ದಾಗ ಹೆಂಡತಿ ಬಂದಳು. ಚಪ್ಪಲಿ ಕಳಚಿ, ಮೊಬೈಲನ್ನು ಮುಂದೆ ಹಿಡಿದಳು.

"ಕೆಳಗೆ ಎಲ್ಲರೂ ಹೇಳಿದ್ರು, ಗಂಟೆಗೊಮ್ಮೆ ಕರೀತೀರಂತೆ. ಐದಕ್ಕೇ ಸದ್ದು ಹಚ್ಚಿದ್ದೆ. ನನಗೆ ಬಂದಿರೋದು ಇಷ್ಟೇ."

ಪರದೆಯ ಮೇಲೆ ಬರೆದಿತ್ತು: ಮಾನ್ಯ ನಿವಾಸಿಗಳೇ, ನಾಳೆ ನೀರಿನ ಟ್ಯಾಂಕ್ ತೊಳೆಯಲಾಗುವುದು.

"ನೀನು... ಹೊಸದನ್ನ ಒಪ್ಪಿಬಿಟ್ಟೆಯಾ?"

"ನೀವು ಕಳಿಸಿದ್ದಲ್ವಾ ಅಂತ ಓದದೇ ಒಪ್ಪಿಬಿಟ್ಟೆ. ಮದುವೆಗೂ ಹಾಗೇ ತಾನೇ ಒಪ್ಪಿದ್ದು?"

ಹನ್ನೆರಡು ಮಂದಿಯಲ್ಲಿ ಅವನನ್ನು ಕಣ್ಣುಮುಚ್ಚಿ ನಂಬಿದ್ದವಳು ಆಕೆಯೊಬ್ಬಳೇ.

"ಹೋಗ್ಲಿ ಬಿಡಿ, ಈಗ ನೀವೇ ಹೇಳಿ. ಎದುರಿಗೇ ಇದ್ದೀನಲ್ಲ."

ಅವನು ಬಾಯಿ ತೆರೆದ. ನಾಲಗೆ ಎಂದಿನಂತೆ ಅಂಟಿಕೊಂಡಿತು. "ಅದು... ಮುಂದಿನ ಪ್ರತೀಲಿ..."

ಆಕೆ ನಕ್ಕಳು. ಗಡಿಯಾರ ನೋಡಿ, ಕಳಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿದಳು.

"ಎಲ್ಲಿಗೆ?"

"ಮೇಲೆ, ಪೋಸ್ಟ್‌ಮಾಸ್ಟರ ಮನೆಗೆ. ಆರು ಹೊಡೆಯೋಕೆ ಬಂತು. ನನ್ನ ಗಂಡ ಏನು ಹೇಳ್ತಾರೋ ಕೇಳ್ಕೊಂಡು ಬರ್ತೀನಿ."

"ಬೇಗ..." ಎಂದು ಅವನ ನಾಲಗೆ ಕೊನೆಗೂ ಬಿಡಿಸಿಕೊಳ್ಳುವಷ್ಟರಲ್ಲಿ, ಆಕೆಯ ಹಿಂದೆ ಬಾಗಿಲು ಮುಚ್ಚಿಕೊಂಡಿತು.