ಎರಡನೇ ರಿಮೋಟು ಅತ್ತಿಯದು

ನಮ್ಮ ಮನೆಯಲ್ಲಿ ನಗು ಬರುವಂಥ ಪ್ರಸಂಗ ನಡೆಯುವುದು ಹೆಚ್ಚಾಗಿ ನಗಬಾರದ ಹೊತ್ತಿನಲ್ಲೇ. ಅಜ್ಜನನ್ನು ಮಣ್ಣು ಮಾಡಿ ಬಂದ ದಿನ ಅಪ್ಪ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ. ಮರುದಿನ ಅದನ್ನು ವಾಪಸ್ ಕೊಡಲು ಹೋದವನು ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಬಂದ. ನಾವು ಇಂಥ ಮಂದಿ. ನಾನೀಗ ಜಮಖಂಡಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಆದರೆ ಹುಟ್ಟಿ ಬೆಳೆದದ್ದು ರಬಕವಿಯ ನೇಕಾರರ ಮನೆಯಲ್ಲಿ. ಮುಂದೆ ಹೇಳುವುದೆಲ್ಲ ಆ ಮನೆಯೊಳಗೆ ಒಂದು ವಿಡಿಯೋ ಗೇಮ್ ಬಂದ ಮೇಲೆ ನಡೆದದ್ದು. ನಗು ಬಂದರೆ ನಗಬಹುದು. ಅತ್ತಿಯೂ ನಕ್ಕಿದ್ದಾಳೆ.

ಒಂಬತ್ತು ಲಕ್ಷ ಆಟ

ನನಗಾಗ ಒಂಬತ್ತು ವರ್ಷ. ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದೆ. ಒಂದೂವರೆ ತಿಂಗಳು ಪ್ಲಾಸ್ಟರ್. ಒಬ್ಬಳೇ ಮಗಳು, ಮಾತಿಗೆ ಯಾರೂ ಇಲ್ಲ, ದಿನವಿಡೀ ಅಳುವುದೇ ಕೆಲಸ. ಅಪ್ಪ ಸೀರೆ ಮುಟ್ಟಿಸಲು ಜಮಖಂಡಿಗೆ ಹೋದವನು ಸಂಜೆ ಒಂದು ಡಬ್ಬಿ ತಂದು ನನ್ನ ಹಾಸಿಗೆಯ ಮೇಲಿಟ್ಟ. ಟಿವಿಗೆ ಹಚ್ಚುವ ಗೇಮು, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಆರು ಒಂಬತ್ತುಗಳನ್ನು ಸಾಲಾಗಿ ಬರೆದಿತ್ತು.

"ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಅದಾವ ಇದರಾಗ," ಅಂದ ಅಪ್ಪ. "ದಿನಾ ಹತ್ತ ಆಡಿದ್ರೂ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯೂದಿಲ್ಲ."

ನಾನು ಎಣಿಸತೊಡಗಿದೆ. ಎಂಟನೆಯ ಆಟ ಮೊದಲನೆಯದೇ ಆಗಿತ್ತು, ಓಡುವವನ ಚಡ್ಡಿಯ ಬಣ್ಣ ಮಾತ್ರ ಬೇರೆ. ಒಂಬತ್ತನೆಯದು ಎರಡನೆಯದೇ, ಹಿಂದಿನ ಆಕಾಶ ಹಸಿರು. ವಾರ ಕಳೆಯುವುದರೊಳಗೆ ಲೆಕ್ಕ ಸಿಕ್ಕಿತು. ಆಟ ಇದ್ದದ್ದು ಏಳು. ನನಗೆ ಅಳು ಬಂತು. ಅಪ್ಪನಿಗೆ ಸಿಟ್ಟು ಬಂದು, ಅಂಗಡಿಯವನು ಮೋಸ ಮಾಡಿದ್ದಾನೆ, ನಾಳೆಯೇ ವಾಪಸ್ ಒಯ್ಯುತ್ತೇನೆ ಎಂದು ಡಬ್ಬಿ ಕಟ್ಟತೊಡಗಿದ.

ಮೂಲೆಯಲ್ಲಿ ಅತ್ತಿ ಕೂತಿದ್ದಳು. ಅತ್ತಿ ಅಂದರೆ ಅಪ್ಪನ ತಂಗಿ. ಲಗ್ನವಾದ ಎರಡನೇ ವರ್ಷಕ್ಕೆ ಗಂಡ ಮುಧೋಳ ರಸ್ತೆಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡಿದ್ದ. ಇಪ್ಪತ್ನಾಲ್ಕಕ್ಕೆ ನಮ್ಮ ಮನೆಗೆ ಮರಳಿ ಬಂದವಳು ಅಂದಿನಿಂದ ರಾಟಿ ಮುಂದೆ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾಲ್ಕು ವರ್ಷದಲ್ಲಿ ಆಕೆ ತಾನಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಗ ರಾಟಿ ನಿಲ್ಲಿಸಿ ಅಂದಳು:

"ಅಣ್ಣಾ, ಅಂಗಡ್ಯಾವ್ರಿಗೆ ಬೈಬ್ಯಾಡ. ನಾವೂ ಒಂದ ಸೀರಿಗೆ ಅಂಚಿನ ಬಣ್ಣಾ ಬದಲ ಮಾಡಿ ಹೊಸಾ ಡಿಜಾಯಿನ್ ಅಂತ ಕಳಸತೇವಲ್ಲ."

ಅಪ್ಪ ಡಬ್ಬಿ ಬಿಚ್ಚಿ ಗೇಮನ್ನು ಮತ್ತೆ ಟಿವಿಗೆ ಹಚ್ಚಿದ.

ಮನಿ ಬಿಟ್ಟು ಎಲ್ಲಿಗೆ ಹೋಗಲಿ

ಆ ಏಳರಲ್ಲಿ ಇಬ್ಬರು ಕೂಡಿ ಆಡುವ ಆಟವೊಂದಿತ್ತು. ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಒಂದು ಹದ್ದು ಕೂತಿರುತ್ತದೆ. ವೈರಿಗಳ ಟ್ಯಾಂಕುಗಳು ಬಂದು ಅದನ್ನು ಹೊಡೆಯದಂತೆ ನಮ್ಮ ಎರಡು ಟ್ಯಾಂಕುಗಳು ಕಾಯಬೇಕು. ಅಪ್ಪ ಮಗ್ಗದ ಮೇಲೆ, ಅವ್ವ ಒಲೆಯ ಮುಂದೆ. ಉಳಿದವಳು ಅತ್ತಿ. ಎರಡನೇ ರಿಮೋಟನ್ನು ಆಕೆಯ ಉಡಿಯಲ್ಲಿಟ್ಟು ಎರಡು ದಿನ ಕಾಡಿದೆ. ಮೂರನೆಯ ದಿನ ಕೈಗೆ ತಗೊಂಡಳು.

ತಗೊಂಡವಳು ತನ್ನ ಟ್ಯಾಂಕನ್ನು ಒಯ್ದು ಹದ್ದಿನ ಗೋಡೆಗೆ ಹಚ್ಚಿ ನಿಲ್ಲಿಸಿಬಿಟ್ಟಳು. ನಾನು ಮೇಲೆ ಒಬ್ಬಳೇ ಹೊಡೆದಾಡುತ್ತಿದ್ದೆ.

"ಮ್ಯಾಲ ಬಾ ಅತ್ತಿ, ಅಲ್ಲೇ ಯಾಕ ನಿಂತಿ?"

"ಮನಿ ಬಿಟ್ಟು ನಾ ಎಲ್ಲಿಗೆ ಹೋಗ್ಲಿ ಬೇ?"

ನನಗೆ ಅದು ಆಟದ ಮಾತು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಹಾಗನಿಸಲಿಲ್ಲವೇನೋ, ಮುಖ ತಿರುಗಿಸಿ ಮಗ್ಗದ ಕಡೆಗೆ ಹೋದ.

ಹತ್ತು ದಿನದಲ್ಲಿ ಅತ್ತಿ ನನ್ನನ್ನು ಮೀರಿಸಿದಳು. ಹರಿದ ಎಳೆಯನ್ನು ಕಣ್ಣು ಮುಚ್ಚಿ ತೆಗೆಯುವ ಬೆರಳುಗಳಿಗೆ ನಾಲ್ಕು ಬಟನ್ ಯಾವ ಲೆಕ್ಕ. ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ ನಮ್ಮ ಹದ್ದನ್ನು ನಾನೇ ಹೊಡೆದುಬಿಟ್ಟೆ. ಅತ್ತಿ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಹೆಗಲು ಅಲುಗತೊಡಗಿತು. ಆಮೇಲೆ ಸೆರಗು ಜಾರಿ, ನನಗೆ ಗೊತ್ತೇ ಇಲ್ಲದ ಒಂದು ದನಿ ಹೊರಬಂತು.

ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅತ್ತಿಯ ಪಕ್ಕ ಕುಕ್ಕರಿಸಿ ಬೆನ್ನು ಸವರುತ್ತ, "ಅಳಬ್ಯಾಡ ನಮ್ಮವ್ವಾ, ಅಳಬ್ಯಾಡ. ಏನ ನೆನಪಾತು?" ಅಂದಳು.

ಆಕೆ ನಗುತ್ತಿದ್ದಾಳೆ ಎಂದು ಅವ್ವನಿಗೆ ತಿಳಿಸಿ ಹೇಳಲು ನನಗೆ ಸುಮಾರು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವ್ವ ಅಳತೊಡಗಿದಳು. ಈಗ ಅತ್ತಿ ಅವ್ವನ ಬೆನ್ನು ಸವರಿದಳು. ಆ ದಿನ ರೊಟ್ಟಿ ಸೀದು, ಅಪ್ಪ ಬರೀ ಅನ್ನ ಉಂಡ.

ಎರಡೂ ಕೈ ಮೇಲೆ

ಪ್ರತಿ ಸೋಮವಾರ ಹಿಂದಿನ ಓಣಿಯ ಮುದುಕಿಯೊಬ್ಬಳು ಅತ್ತಿಗೆ ಮರುಗಲೆಂದೇ ಬರುತ್ತಿದ್ದಳು. ಬಂದು ಕೂತು, ಚಹಾ ಕುಡಿದು, "ಎಳೇ ಜೀವಾ, ಶಿವಾ ಕಣ್ಣ ತಗೀಲಿಲ್ಲ," ಎಂದು ನಾಲ್ಕು ಸಲ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು. ಹೋದ ಮೇಲೆ ಅತ್ತಿ ಆ ದಿನವೆಲ್ಲ ಉಣ್ಣುತ್ತಿರಲಿಲ್ಲ. ಕೆಟ್ಟ ಮನಸ್ಸಿನ ಮುದುಕಿಯಲ್ಲ. ಮರುಗುವುದು ಅವಳಿಗೆ ರೂಢಿಯಾಗಿತ್ತು ಅಷ್ಟೇ.

ಒಂದು ಸೋಮವಾರ ಅತ್ತಿ ಬಂದೂಕಿನ ಆಟದಲ್ಲಿದ್ದಳು. ಟಿವಿಯೊಳಗೆ ಹಕ್ಕಿ ಹಾರುತ್ತವೆ, ಗುರಿ ಹಿಡಿದು ಹೊಡೆಯಬೇಕು. ಮುದುಕಿಗೆ ಕಣ್ಣು ಮಂಜು. ಎಂದಿನಂತೆ ಒಳಗಿನ ಖೋಲಿಗೆ ನೇರ ಬಂದವಳು ಟಿವಿಗೆ ಬೆನ್ನು ಮಾಡಿ, ಅತ್ತಿಯ ಎದುರಿಗೇ ಕೂತಳು. ಕೂತು ಉಸಿರೆಳೆದುಕೊಂಡು, "ಎಳೇ ಜೀವಾ" ಅಂದಳು.

ಅತ್ತಿ ಬಂದೂಕು ಇಳಿಸಲಿಲ್ಲ. ಹಕ್ಕಿ ಇನ್ನೂ ಹಾರುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು, ಮುದುಕಿಯ ಕಿವಿಯ ಪಕ್ಕದಿಂದ ಗುರಿ ಹಿಡಿದು, ಭಾಳ ಸಣ್ಣ ದನಿಯಲ್ಲಿ, "ಆಯಿ, ಅಲಗ್ಯಾಡಬ್ಯಾಡ್ರಿ," ಅಂದಳು.

ಮುದುಕಿ ಎರಡೂ ಕೈ ಮೇಲೆತ್ತಿದಳು. "ನಾ ಏನೂ ಅಂದಿಲ್ಲವಾ," ಅಂದಳು. "ನೀ ಸುಖಾಗಿ ಇದ್ದೀಯವಾ. ನನಗ ಗೊತ್ತೈತಿ."

ಮುಂದೆ ಆಕೆ ಸೋಮವಾರ ಬರುವುದು ಬಿಟ್ಟಳು. ಯಾರಾದರೂ ಅತ್ತಿಯ ಸುದ್ದಿ ತೆಗೆದು ಪಾಪ ಅಂದರೆ, "ಪಾಪಾ ಅನಬ್ಯಾಡ್ರಿ, ಆಕೀ ಕಡೆ ಸಾಮಾನು ಐತಿ," ಎಂದು ಬುದ್ಧಿ ಹೇಳುತ್ತಿದ್ದಳಂತೆ.

ಬೀಳಗಿಯ ಮಂದಿ

ಇದನ್ನು ಹೇಳುವುದು ನನಗೆ ಕಷ್ಟ. ಆದರೂ ಹೇಳುತ್ತೇನೆ.

ಮರುವರ್ಷ ಅತ್ತಿಗೆ ಒಂದು ಸಂಬಂಧ ಬಂತು. ಬೀಳಗಿಯವರು. ಹೆಂಡತಿ ತೀರಿಕೊಂಡಿದ್ದ ಒಬ್ಬ ಮಾಸ್ತರ, ಜೊತೆಗೆ ಅವನ ಅಕ್ಕ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮಾಸ್ತರ ಕುರ್ಚಿಯ ತುದಿಯಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಅತ್ತಿ ಚಹಾ ತಂದಳು. ಆತ ಕಪ್ಪು ತಗೊಂಡು, "ನನಗೂ ಮಾತು ಕಮ್ಮಿ ರೀ. ಮನ್ಯಾಗ ಸುಮ್ಮನ ಕುಂತ್ರ ಸಿಟ್ಟು ಬಂದೈತಿ ಅಂತ ತಿಳಕೋಬ್ಯಾಡ್ರಿ," ಅಂದ. ಬರೀ ಅಷ್ಟೇ. ಅತ್ತಿ ತಲೆ ಎತ್ತಿ ಆತನನ್ನು ನೋಡಿದಳು. ಆಕೆ ಹಾಗೆ ನೋಡಿದ್ದನ್ನು ನಾನು ನೋಡಿದೆ. ಅತ್ತಿ ಬೀಳಗಿಗೆ ಹೋಗುತ್ತಾಳೆ, ಎರಡನೇ ರಿಮೋಟು ಹಿಡಿಯಲು ಯಾರೂ ಇರುವುದಿಲ್ಲ.

ಮಾಸ್ತರನ ಅಕ್ಕ ನನ್ನನ್ನು ಹತ್ತಿರ ಕರೆದು, "ನಿಮ್ಮತ್ತಿ ಹೊತ್ತು ಹೆಂಗ ಕಳೀತಾಳವಾ?" ಎಂದು ಕೇಳಿದಳು.

"ಬಂದೂಕ ಹೊಡೀತಾಳ," ಅಂದೆ.

ಆಕೆ ನಕ್ಕಳು. ನಾನು ಮುಂದುವರಿಸಿದೆ. "ಟ್ಯಾಂಕ್ ನಡಸತಾಳ. ನಿನ್ನೆ ಇಪ್ಪತ್ತು ಮಂದೀನ ಸುಟ್ಟಾಳ. ಒಬ್ಬಾಕಿನೇ ಕುಂತು ಗ್ವಾಡಿ ಕಡೆ ನೋಡಿ ಬೈತಾಳ, ಒಮ್ಮೊಮ್ಮೆ ನಗತಾಳ. ನಾ ಆಕೀ ಮಗ್ಗಲದಾಗ ಮಲಗತೇನಿ. ನಿದ್ದ್ಯಾಗ ಆಕೀ ಹೆಬ್ಬೆರಳ ಹಿಂಗ ಹಿಂಗ ಕುಣೀತಾವ." ನನ್ನ ಎರಡೂ ಹೆಬ್ಬೆರಳು ಅದುರಿಸಿ ತೋರಿಸಿದೆ.

ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆಟದಾಗ ಅನ್ನುವ ಒಂದು ಮಾತನ್ನು ಮಾತ್ರ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ಆ ಹೆಂಗಸು ಚಹಾ ಕೆಳಗಿಟ್ಟಳು. ಆಮೇಲೆ ತಿಳಿಸುತ್ತೇವೆ ಎಂದು ಎದ್ದಳು. ಅವ್ವ ಅಡಿಗೆ ಮನೆಯಿಂದ ಬರುವಷ್ಟರಲ್ಲಿ ಅವರು ಅಂಗಳದಲ್ಲಿದ್ದರು. ಅಂಗಡಿಗೆ ಹೋಗಿದ್ದ ಅಪ್ಪ ಮರಳಿ ಬಂದು, ನಾನು ಅಂದದ್ದನ್ನು ನನ್ನ ಬಾಯಿಂದಲೇ ಕೇಳಿ ತಿಳಿದು, ಬಸ್ ನಿಲ್ದಾಣದ ತನಕ ಓಡಿದ. ಬಸ್ಸು ಹೊರಟಿತ್ತು. ಕಿಡಕಿ ಹಿಡಿದು ಓಡುತ್ತ, "ಅದು ಆಟದಾಗ ರೀ, ಬರೇ ಆಟದಾಗ," ಎಂದು ಹೇಳಿದ. ಕಂಡಕ್ಟರ್ ತಲೆ ಹೊರಗೆ ಹಾಕಿ, "ಹಿಂದಿನ ಬಸ್ಸಿಗೆ ಬರ್ರಿ, ಅದು ಖಾಲಿ ಐತಿ," ಅಂದ.

ಆಮೇಲೆ ಅಪ್ಪ ಪರಿಚಯದವರ ಕೈಲಿ ಎಲ್ಲ ಬಿಡಿಸಿ ಹೇಳಿಕಳಿಸಿದ. ಮಾಸ್ತರನ ಅಕ್ಕನಿಂದ ಉತ್ತರ ಬಂತು. "ಬ್ಯಾನಿ ಅಂದಿದ್ರ ಔಷಧ ಕೊಡಸತಿದ್ವಿ. ಮೂವತ್ತಕ್ಕ ಬಂದಾಕಿ ಗೇಮ್ ಆಡತಾಳಂದ್ರ ಅದಕ್ಕೇನ ಔಷಧ?"

ಮನೆಯಲ್ಲಿ ಎಲ್ಲರೂ ನಕ್ಕಂತೆ ಮಾಡಿದರು. ಸಂಜೆ ಅತ್ತಿ ತಾನೇ ಗೇಮು ಹಚ್ಚಿ ನನ್ನನ್ನು ಕರೆದಳು. ಹದ್ದು ಮೂರು ಸಲ ಸತ್ತಿತು. ಆಕೆ ಅದನ್ನು ಕಾಯಲೇ ಇಲ್ಲ.

ಇನ್ನೊಂದು ಸಂಬಂಧ ಬರಲಿಲ್ಲ. ಒಂದೆರಡು ವರ್ಷಕ್ಕೆ ಗೇಮು ಕೆಟ್ಟಿತು. ನಾನು ಹೈಸ್ಕೂಲು, ಕಾಲೇಜು ಮುಗಿಸಿ, ಲಗ್ನವಾಗಿ ಜಮಖಂಡಿಗೆ ಬಂದೆ. ಅತ್ತಿ ಅದೇ ಮನೆಯಲ್ಲಿ ಕಂಡಿಕೆ ಸುತ್ತುತ್ತ ಉಳಿದಳು.

ಮಾಸ್ತರ ಬಿದ್ದದ್ದು

ಹೋದ ತಿಂಗಳು ನನ್ನ ಮಗ ಆನ್‌ಲೈನಿನಲ್ಲಿ ಹಳೇ ಗೇಮುಗಳು ತುಂಬಿದ ಒಂದು ಸಣ್ಣ ಯಂತ್ರ ತರಿಸಿದ. ಅದರಲ್ಲೂ ಸಾವಿರಾರು ಆಟ ಅಂತ ಬರೆದಿದೆ. ಆದಿತ್ಯವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ರಬಕವಿಯ ಬಸ್ಸು ಹತ್ತಿದೆ.

ಅತ್ತಿಗೆ ಈಗ ಮೊಣಕಾಲು ನೋವು, ಒಂದು ಕಣ್ಣಿಗೆ ಪೊರೆ ಬಂದಿದೆ. ಟಿವಿಯ ಮುಂದೆ ಕುರ್ಚಿ ಹಾಕಿ ಕೂರಿಸಿ ರಿಮೋಟು ಕೊಟ್ಟೆ. ತಿರುಗಿಸಿ ನೋಡಿ, "ಭಾಳ ಹಗರ ಐತಿ," ಅಂದಳು. ಓಡುವವನ ಆಟ ಹಚ್ಚಿದೆ. ತಗ್ಗು ಬಂದಲ್ಲಿ ಹಾರಿಸಬೇಕು, ಇಲ್ಲದಿದ್ದರೆ ಬಿದ್ದು ಸಾಯುತ್ತಾನೆ. ಅತ್ತಿ ಮೊದಲ ತಗ್ಗು ಹಾರಿಸಿದಳು. ಎರಡನೆಯದೂ ಆಯಿತು.

ಅವ್ವ ನೀರು ಹಿಡಿಯಲು ಹೊರಗೆ ಹೋಗಿದ್ದಳು. ಇಷ್ಟು ವರ್ಷ ಬಾಯಿಗೆ ಬಂದು ಬಂದು ನುಂಗಿದ್ದ ಮಾತನ್ನು ಆಡಿಬಿಟ್ಟೆ.

"ಅತ್ತಿ, ಅವತ್ತು ಬೀಳಗಿಯವ್ರ ಮುಂದ ನಾ ಬೇಕಂತನ ಹಂಗ ಹೇಳಿದ್ದೆ. ನೀ ಹೋಗಬಾರದು ಅಂತ."

ಅತ್ತಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಮೂರನೇ ತಗ್ಗು ಹಾರಿಸಿದಳು.

"ಗೊತ್ತೈತಿ," ಅಂದಳು.

"ಯಾವಾಗಿಂದ?"

"ಅವತ್ತಿಂದ. ಚಾ ಕೊಟ್ಟು ನಾ ಬಾಗಲದಾಗ ನಿಂತಿದ್ನಲ್ಲ ಬೇ. ಅದು ಆಟ ಅಂತ ನಾನರ ಹೇಳಬಹುದಿತ್ತು. ಹೇಳಲಿಲ್ಲ."

ನನ್ನ ಕಣ್ಣು ತುಂಬಿ ಪರದೆ ಕಾಣದಂತಾಯಿತು. ಅತ್ತಿ ಒಮ್ಮೆ ನನ್ನ ಕಡೆ ನೋಡಿ, ಆಟ ನಿಲ್ಲಿಸಿ, ರಿಮೋಟು ತೊಡೆಯ ಮೇಲೆ ಇಟ್ಟುಕೊಂಡಳು.

"ನಿನ್ನಿಂದ ಏನೂ ಕೆಟ್ಟಿಲ್ಲ. ಸಂಬಂಧ ಮುರದಾಕಿ ನಾನು. ಆ ಮಾಸ್ತರ ಕೈಯಾಗ ಈ ಆಟಾ ಕೊಟ್ಟಿದ್ವಿ. ನಿನಗ ನೆನಪಿಲ್ಲೇನು? ಮೊದಲನೇ ತಗ್ಗಿನ್ಯಾಗ ಬಿದ್ದ. ಮತ್ತ ಎದ್ದ, ಮತ್ತ ಅದರಾಗ ಬಿದ್ದ. ಮೂರನೇ ಸಲಾನೂ ಅದರಾಗ. ಒಂದ ತಗ್ಗ ನೋಡಿ ನೋಡಿ ಮೂರ ಸಲ ಬೀಳಾವನ ಕೂಡ ಬಾಳೆ ಹೆಂಗ ಮಾಡ್ಲಿ ಅಂತ ನಾನ ಬ್ಯಾಡಂದೆ."

ಮಾಸ್ತರ ಟಿವಿಯ ಖೋಲಿಗೆ ಕಾಲಿಟ್ಟವನೇ ಅಲ್ಲ. ಪಡಸಾಲೆಯ ಕುರ್ಚಿಯಿಂದ ಆತ ಎದ್ದದ್ದು ಬಸ್ಸಿಗೆ ಹೊರಟಾಗ. ಬಂದಾಗಿನಿಂದ ಹೋಗುವ ತನಕ ನಾನು ಆತನ ಎದುರಿಗೇ ನಿಂತಿದ್ದೆ. ಇದು ಅತ್ತಿಗೂ ಗೊತ್ತು. ಆಕೆಯ ಮುಖ ನೋಡಿದೆ. ಮೋರೆ ಬಿಗಿ ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

ಕಣ್ಣು ಒರೆಸಿಕೊಂಡೆ. "ನೆನಪೈತಿ ಅತ್ತಿ," ಅಂದೆ. "ಆದ್ರ ಮೂರ ಸಲ ಅಲ್ಲ. ನಾಕ ಸಲ ಬಿದ್ದಿದ್ದ."

ಅತ್ತಿ ರಿಮೋಟು ಮತ್ತೆ ಕೈಗೆ ತಗೊಂಡಳು. ಬಟನ್ನಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಾಕನೇದ್ದು ಲೆಕ್ಕಕ್ಕ ಹಿಡೀಬ್ಯಾಡ ಬೇ," ಅಂದಳು. "ಅವಾಗ ನಾ ಚಾ ತಗೊಂಡು ಮುಂದ ನಿಂತಿದ್ದೆ. ಪಾಪ, ಆತ ನನ್ನ ನೋಡಾಕತ್ತಿದ್ದ."