ಬಚ್ಚಲ ಹಾವು, ಅಕ್ಕನ ಹತ್ತಿ

ಸಾವಾದ ಮನೆಗೆ ಬರುವವರಿಗೆ ಏನನ್ನಾದರೂ ಹೊರಗೆ ಹಾಕಿಸದೆ ಸಮಾಧಾನವಿಲ್ಲ. ನನ್ನ ಹೆಂಡತಿ ಸುಮಿತ್ರೆ ಹೋದ ಮೇಲೆ ಒಬ್ಬರು ಹಾಸಿಗೆ ಸುಡು ಎಂದರು, ಇನ್ನೊಬ್ಬರು ಸೀರೆ ಹಂಚು ಎಂದರು. ಎಲ್ಲದಕ್ಕೂ ತಲೆಯಾಡಿಸಿದೆ. ನನಗೆ ಅನ್ನ ಬೇಯಿಸಿ ಹಾಕಲೆಂದು ಭಂಡಿಗಡಿಯಿಂದ ಜಯಪುರಕ್ಕೆ ಬಂದ ಅಕ್ಕ ಮಾತ್ರ ಸುಮಿತ್ರೆಯ ಹೂಕುಂಡಗಳಿಗೇ ಕೈಹಾಕಿದಳು. ಸುಮಿತ್ರೆಯ ಕೈ ಮುಟ್ಟಿದ್ದರಲ್ಲಿ ಇನ್ನೂ ಚಿಗುರುತ್ತಿರುವುದು ಅವಷ್ಟೇ. ಅಕ್ಕನ ಸಿಟ್ಟಿಗೆ ಕಾರಣ, ಬಚ್ಚಲಲ್ಲಿ ಕಂಡ ಒಂದು ಹಾವು.

ಹೆದರಬೇಡಿ. ಶಾವಿಗೆಯ ಎಳೆಗೆ ಮಸಿ ಬಳಿದಂತಿರುವ ಹುಳುಹಾವು ಅದು. ಮಣ್ಣೊಳಗೇ ವಾಸ, ಇರುವೆ, ಗೆದ್ದಲುಗಳ ಮೊಟ್ಟೆ ಊಟ. ಕಣ್ಣೆಂದರೆ ಹೆಸರಿಗೆ ಎರಡು ಚುಕ್ಕಿ. ಕಚ್ಚೋಣವೆಂದರೆ ಅಷ್ಟು ಬಾಯಿಯೂ ಇಲ್ಲ. ಕುಂಡಕ್ಕೆ ನೀರು ಹೆಚ್ಚಾದರೆ ತಳದ ತೂತಿನಿಂದ ಹೊರಬಿದ್ದು ಬಚ್ಚಲು ಸೇರುತ್ತದೆ. ಸುಮಿತ್ರೆ ಅದನ್ನು ಎಲೆಯ ಮೇಲೆ ಎತ್ತಿ, "ಎಲ್ಲಿಗೆ ಹೊರಟೆ? ಮನೆಗೆ ನಡಿ ಮಾರಾಯ್ತಿ" ಎಂದು ಕುಂಡಕ್ಕೆ ಬಿಡುತ್ತಿದ್ದಳು. "ಹಾವಿಗೆ ಕಿವಿಯಿಲ್ಲ ಕಣೇ" ಎಂದು ನಾನು ಪ್ರತಿ ಸಲ ತಿದ್ದುತ್ತಿದ್ದೆ.

ಅಕ್ಕನಿಗೆ ಚಿಂತೆ ಹಾವಿನ ಕಿವಿಯದಲ್ಲ, ತನ್ನದು. "ಮಲಗಿದಾಗ ಕಿವಿ ಹೊಕ್ರೆ ಎಂತ ಮಾಡೂದು? ನಾಳೆನೇ ಕುಂಡ ಎಲ್ಲ ಬಿಸಾಕು" ಎಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡಳು. ಆಮೇಲೆ ಕಾಫಿ ಬೇಕೆಂದರೂ ನಾನು ಎದುರುಮನೆಗೆ ಕೇಳುವಂತೆ ಕೂಗಬೇಕಾಯಿತು. ಹಾವಿನ ಪರ ನಾನು ಮಾಡಿದ ವಾದವಂತೂ ಬೀದಿಗೇ ಗೊತ್ತು.

"ಅದು ಪಾಪದ್ದು ಅಕ್ಕಾ! ಅದರಲ್ಲಿ ಗಂಡೇ ಇಲ್ಲ! ಎಲ್ಲ ಹೆಣ್ಣೇ! ಒಂದೇ ಇದ್ರೂ ಮೊಟ್ಟೆ ಇಟ್ಟು ಮರಿ ಮಾಡ್ತದೆ!"

ಅಕ್ಕ ಒಂದು ಕಿವಿಯ ಹತ್ತಿ ತೆಗೆದಳು. "ಗಂಡಿಲ್ದೇನಾ? ಪುಣ್ಯವಂತೆ ಮಾರಾಯ. ಹೊತ್ತು ಹೊತ್ತಿಗೆ ಕಾಫಿ ಕಾಸೂ ಕೆಲ್ಸ ಇಲ್ಲ."

"ಬಂದದ್ದೂ ನಿಮ್ಮನೆಯಿಂದ್ಲೇ! ಬಿಗೋನಿಯಾ ಗಿಡ ಕೊಟ್ಟವಳು ನೀನೇ ಅಲ್ವಾ?"

ನಮ್ಮ ಕಡೆ ಹೆಂಗಸರು ಹೂಗಿಡ ಕೊಳ್ಳುವವರಲ್ಲ. ಹೋದ ಮನೆಯಲ್ಲಿ ಕೇಳಿ, ಬುಡದ ಮಣ್ಣಿನ ಸಮೇತ ತೆಂಗಿನ ಗೆರಟೆಯಲ್ಲಿ ತರುತ್ತಾರೆ. ಆ ಮಣ್ಣಲ್ಲಿ ಇಂಥದೊಂದು ಬಂದರೆ ಸಾಕು, ಸಂಸಾರ ಹೂಡಿದಂತೆಯೇ.

"ನಮ್ಮನೇದಾ?" ಅಕ್ಕ ಇನ್ನೊಂದು ಹತ್ತಿಯನ್ನೂ ತೆಗೆದಳು. "ಹಾಗಾರೆ ಇರ್ಲಿ ಬಿಡು. ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

ಕುಂಡಗಳು ಉಳಿದವು. ಮರುದಿನ ಬೆಳಿಗ್ಗೆ ನಾನೇ ನೀರು ಹೆಚ್ಚು ಹೊಯ್ದಿರಬೇಕು, ಹಾವು ಮತ್ತೆ ಬಚ್ಚಲಲ್ಲಿ. ಸೊಂಟ ಹಿಡಿದುಕೊಂಡು ಕೂತೆ. ಎಲೆಯ ಮೇಲೆ ಎತ್ತಿದಷ್ಟೂ ಅದು ಜಾರಿತು. ಅಂತೂ ಕುಂಡದ ತನಕ ತಂದು, "ಮನೆಗೆ ನಡಿ ಮಾರಾಯ್ತಿ" ಎಂದೆ. ಅದು ಮಣ್ಣಿಗಿಳಿದ ಮೇಲೂ ಇನ್ನೇನೇನೋ ಹೇಳುತ್ತಾ ನಿಂತಿದ್ದೆ.

"ಯಾರ ಹತ್ರ ಮಾತಾಡ್ತಿದೀಯ?" ಅಡುಗೆಮನೆಯಿಂದ ಅಕ್ಕ ಕೇಳಿದಳು.

ಆ ಹತ್ತಿ ತೆಗೆಸಬಾರದಿತ್ತು.